ರೋಡ್ಸ್, ಮಾರ್ಷಲ್, ಫುಲ್‌ಬ್ರೈಟ್, ಟ್ರೂಮನ್: ಯಾವುದಕ್ಕೆ ಅರ್ಜಿ ಹಾಕಬೇಕು, ಕ್ಯಾಂಪಸ್ಸಿನ ಸಲಹೆ ಎಲ್ಲಿ ಬೇಕು?

ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿರುವ, ಒಳ್ಳೆಯ ಅಂಕಗಳೂ ಒಂದಿಷ್ಟು ಸಂಶೋಧನೆಯ ಅನುಭವವೂ ಇರುವ ವಿದ್ಯಾರ್ಥಿಗೆ ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಯಾರಾದರೊಬ್ಬ ಪ್ರಾಧ್ಯಾಪಕರು ‘ದೊಡ್ಡ ಫೆಲೋಶಿಪ್‌ಗಳಿಗೆ ಪ್ರಯತ್ನಿಸಿ ನೋಡು’ ಎಂದಿರುತ್ತಾರೆ. ಆಮೇಲೆ ಅವರ ಕೈಗೆ ಬರುವುದು ಹೆಸರುಗಳ ಉದ್ದನೆಯ ಪಟ್ಟಿ: ಬ್ರಿಟನ್ನಿನಲ್ಲಿ ಓದಿಸುವ ರೋಡ್ಸ್, ಮಾರ್ಷಲ್, ಗೇಟ್ಸ್ ಕೇಂಬ್ರಿಡ್ಜ್, ಬೇರೆ ಬೇರೆ ದೇಶಗಳಿಗೆ ಕಳುಹಿಸುವ ಫುಲ್‌ಬ್ರೈಟ್, ಸಾರ್ವಜನಿಕ ಸೇವೆಗೆ ಹೋಗುವವರಿಗಾಗಿ ಇರುವ ಟ್ರೂಮನ್, ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಇರುವ ಗೋಲ್ಡ್‌ವಾಟರ್ ಮತ್ತು ಹರ್ಟ್ಸ್, ಇವಲ್ಲದೆ ಶ್ವಾರ್ಜ್‌ಮನ್, ನೈಟ್-ಹೆನೆಸ್ಸಿ, ಇನ್ನೂ ಹಲವು. ಈ ಹೆಸರುಗಳನ್ನು ಪ್ರತಿಷ್ಠೆಯ ಕ್ರಮದಲ್ಲಿ ಜೋಡಿಸಿಕೊಂಡು ಮೇಲಿನಿಂದ ಕೆಳಕ್ಕೆ ಅರ್ಜಿ ಹಾಕುತ್ತ ಹೋಗುವವರು ಬಹಳ ಮಂದಿ. ನನ್ನ ದೃಷ್ಟಿಯಲ್ಲಿ ಒಂದು ಇಡೀ ಬೇಸಿಗೆಯನ್ನು ವ್ಯರ್ಥ ಮಾಡಿಕೊಳ್ಳಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಇವು ಒಂದೇ ಓಟದ ಮೊದಲನೆಯ, ಎರಡನೆಯ, ಮೂರನೆಯ ಬಹುಮಾನಗಳಲ್ಲ. ಒಂದೊಂದೂ ಬೇರೆ ಬಗೆಯ ವ್ಯಕ್ತಿಯನ್ನು ಬೇರೆ ಕೆಲಸಕ್ಕಾಗಿ ಹುಡುಕುತ್ತಿರುತ್ತದೆ.

ಹೋಲಿಸಿ ನೋಡುವಾಗ ಈ ಕ್ರಮದಲ್ಲಿ ಹೋಗುವುದು ಒಳ್ಳೆಯದು: ಮೊದಲು ನಿಮ್ಮ ಪೌರತ್ವ ಯಾವುದಕ್ಕೆ ಅವಕಾಶ ಕೊಡುತ್ತದೆ ಎಂದು ನೋಡಬೇಕು, ಆಮೇಲೆ ಅರ್ಜಿ ನೇರವಾಗಿ ನಿಮ್ಮಿಂದ ಹೋಗುತ್ತದೆಯೋ ವಿಶ್ವವಿದ್ಯಾಲಯದ ಮೂಲಕವೇ ಹೋಗಬೇಕೋ ಎಂದು ನೋಡಬೇಕು, ಕೊನೆಗೆ, ಆ ಫೆಲೋಶಿಪ್ ಸಿಗದೇ ಹೋದರೂ ನೀವು ಮಾಡಲಿರುವ ಕೆಲಸಕ್ಕೆ ಯಾವುದು ಹತ್ತಿರವಾಗಿದೆ ಎಂದು ಕೇಳಿಕೊಳ್ಳಬೇಕು. ಮೊದಲನೆಯದಕ್ಕೆ ಅರ್ಧ ಗಂಟೆ ಸಾಕು. ಮೂರನೆಯದಕ್ಕೆ ತಿಂಗಳುಗಳೇ ಬೇಕಾಗಬಹುದು, ಸಲಹೆಗಾರರು ನಿಜವಾಗಿ ಉಪಯೋಗಕ್ಕೆ ಬರುವುದೂ ಅಲ್ಲಿಯೇ.

ಪೌರತ್ವದ ಜರಡಿ

ಭಾರತೀಯ ಮೂಲದ ಕುಟುಂಬಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ, ಏಕೆಂದರೆ ಒಂದೇ ಮನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ತಂಗಿ ಪ್ರಜೆಯಾಗಿದ್ದು, ಭಾರತದಲ್ಲಿ ಹುಟ್ಟಿದ ಅಣ್ಣ ಇನ್ನೂ ಗ್ರೀನ್ ಕಾರ್ಡಿನ ಸರದಿಯಲ್ಲಿ ಕಾಯುತ್ತಿರಬಹುದು. ಮಾರ್ಷಲ್ ಮತ್ತು ವಿದೇಶಿ ಭಾಷೆ ಕಲಿಯಲು ನೆರವಾಗುವ ಬೋರೆನ್ ಅಮೆರಿಕದ ಪ್ರಜೆಗಳಿಗೆ ಮೀಸಲು. ಟ್ರೂಮನ್ ಹಾಗೂ ಫುಲ್‌ಬ್ರೈಟ್‌ನ ಅಮೆರಿಕನ್ ವಿದ್ಯಾರ್ಥಿ ಕಾರ್ಯಕ್ರಮಗಳಿಗೂ ಗ್ರೀನ್ ಕಾರ್ಡ್ ಸಾಲದು. ಗೋಲ್ಡ್‌ವಾಟರ್, ಹರ್ಟ್ಸ್, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಗ್ರ್ಯಾಜುಯೇಟ್ ರಿಸರ್ಚ್ ಫೆಲೋಶಿಪ್ (ಎಲ್ಲರೂ ಜಿಆರ್‌ಎಫ್‌ಪಿ ಎಂದು ಕರೆಯುವುದು ಇದನ್ನೇ), ಹಾಗೆಯೇ ರೋಡ್ಸ್‌ನ ಅಮೆರಿಕನ್ ವಿಭಾಗ ಇವುಗಳಿಗೆ ಗ್ರೀನ್ ಕಾರ್ಡ್ ಹೊಂದಿದವರೂ ಅರ್ಹರು.

ಎಫ್-1 ವಿದ್ಯಾರ್ಥಿ ವೀಸಾದ ಮೇಲೆ ಓದುತ್ತಿರುವವರಿಗೆ ಉಳಿಯುವ ಪಟ್ಟಿ ಚಿಕ್ಕದು, ಆದರೆ ಬರಿದಲ್ಲ. ಬ್ರಿಟನ್ನಿನ ಪ್ರಜೆಗಳನ್ನು ಬಿಟ್ಟು ಯಾವ ದೇಶದವರಾದರೂ ಗೇಟ್ಸ್ ಕೇಂಬ್ರಿಡ್ಜ್‌ಗೆ ಅರ್ಜಿ ಹಾಕಬಹುದು. ಬೀಜಿಂಗಿನ ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಓದಿಸುವ ಶ್ವಾರ್ಜ್‌ಮನ್ ಮತ್ತು ಸ್ಟ್ಯಾನ್‌ಫರ್ಡಿನ ನೈಟ್-ಹೆನೆಸ್ಸಿ ಎರಡೂ ರಾಷ್ಟ್ರೀಯತೆಯನ್ನು ಕೇಳುವುದಿಲ್ಲ. ಗೇಟ್ಸ್ ಕೇಂಬ್ರಿಡ್ಜ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಅಕ್ಟೋಬರ್‌ನಲ್ಲಿ ಮುಗಿಯುವ ಮೊದಲ ಸುತ್ತು ಅಮೆರಿಕದಲ್ಲಿ ನೆಲೆಸಿರುವ ಅಮೆರಿಕದ ಪ್ರಜೆಗಳಿಗೆ ಮಾತ್ರ, ಅಮೆರಿಕದಲ್ಲಿಯೇ ಓದುತ್ತಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ಎರಡನೆಯ, ಅಂತರರಾಷ್ಟ್ರೀಯ ಸುತ್ತಿಗೆ ಸೇರುತ್ತಾರೆ. ಭಾರತದ ಪ್ರಜೆಗಳಿಗಾಗಿಯೇ ರೋಡ್ಸ್‌ನ ಪ್ರತ್ಯೇಕ ವಿಭಾಗವೊಂದಿದೆ, ಆದರೆ ಭಾರತದಲ್ಲಿ ಎಷ್ಟು ವರ್ಷ ಓದಿರಬೇಕು ಎಂಬ ಷರತ್ತು ಅದಕ್ಕಿದೆ. ಯಾವ ದೇಶದ ವಿಭಾಗಕ್ಕೂ ಸೇರದವರಿಗಾಗಿ 2018ರಲ್ಲಿ ಶುರುವಾದ ಜಾಗತಿಕ ರೋಡ್ಸ್ ಕೂಡ ಇದೆ.

ಕನ್ನಡಿಗ ಕುಟುಂಬಗಳ ಮಾತಿನಲ್ಲಿ ಅಷ್ಟಾಗಿ ಕೇಳಿಬರದ ಹೆಸರು ಪಾಲ್ ಮತ್ತು ಡೇಸಿ ಸೊರೋಸ್ ಫೆಲೋಶಿಪ್. 1997ರಲ್ಲಿ ಆರಂಭವಾದ ಇದು ವಲಸಿಗರಿಗೆ ಮತ್ತು ವಲಸಿಗರ ಮಕ್ಕಳಿಗೆ ಮೀಸಲಾಗಿದ್ದು, ವರ್ಷಕ್ಕೆ 30 ಜನರಿಗೆ ಅಮೆರಿಕದಲ್ಲಿಯೇ ಉನ್ನತ ವ್ಯಾಸಂಗಕ್ಕೆ ಗರಿಷ್ಠ 90,000 ಡಾಲರ್‌ವರೆಗೆ ಕೊಡುತ್ತದೆ. ವೈದ್ಯಕೀಯ, ಕಾನೂನು, ವಿಜ್ಞಾನ, ಸಂಗೀತ ಯಾವುದಾದರೂ ಸರಿ. ಅಪ್ಪ ಅಮ್ಮ ಇಬ್ಬರೂ ಹೊರದೇಶದಲ್ಲಿ ಹುಟ್ಟಿ ವಲಸೆ ಬಂದವರಾಗಿರಬೇಕು ಎಂಬ ನಿಯಮ ನಮ್ಮಲ್ಲಿ ಅನೇಕರಿಗೆ ತಾನಾಗಿಯೇ ಹೊಂದುತ್ತದೆ. ಬ್ರಿಟನ್ನಿಗೆ ಹೋಗುವ ಆಸೆ ನಿಜವಾಗಿ ಇಲ್ಲದೆ, ಹೆಸರಿನ ಮೋಹಕ್ಕೆ ರೋಡ್ಸ್ ಹಿಂದೆ ಬಿದ್ದಿರುವ ವೈದ್ಯಕೀಯ ಆಕಾಂಕ್ಷಿಗಳು ಮೊದಲು ನೋಡಬೇಕಾದದ್ದು ಇದನ್ನು.

ಅರ್ಜಿ ಯಾರ ಮೂಲಕ ಹೋಗುತ್ತದೆ

ಇಲ್ಲಿಂದ ಮುಂದೆ ಹೋಲಿಕೆ ಗಂಭೀರವಾಗುತ್ತದೆ. ಕೆಲವು ಫೆಲೋಶಿಪ್‌ಗಳಿಗೆ ವಿಶ್ವವಿದ್ಯಾಲಯದ ನಾಮನಿರ್ದೇಶನವಿಲ್ಲದೆ ಅರ್ಜಿಯೇ ಇಲ್ಲ. ಟ್ರೂಮನ್‌ಗೆ ಒಂದು ಸಂಸ್ಥೆ ಸಾಮಾನ್ಯವಾಗಿ ನಾಲ್ವರನ್ನು ಮಾತ್ರ ಕಳುಹಿಸಬಹುದು. ಬೇರೆ ಕಾಲೇಜಿನಿಂದ ವರ್ಗವಾಗಿ ಬಂದ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಸ್ಥಾನಗಳಿವೆ. ಗೋಲ್ಡ್‌ವಾಟರ್‌ಗೂ ನಾಲ್ವರು, ವರ್ಗವಾಗಿ ಬಂದವರೊಬ್ಬರಿದ್ದರೆ ಐದನೆಯವರು. ರೋಡ್ಸ್ ಮತ್ತು ಮಾರ್ಷಲ್‌ಗಳಲ್ಲಿ ಇಂಥ ಮಿತಿ ಇಲ್ಲದಿದ್ದರೂ ವಿಶ್ವವಿದ್ಯಾಲಯದ ಅನುಮೋದನಾ ಪತ್ರ ಇರಲೇಬೇಕು, ಅದನ್ನು ಕೊಡುವ ಮೊದಲು ಕ್ಯಾಂಪಸ್ಸು ತನ್ನದೇ ಆದ ಆಯ್ಕೆ ನಡೆಸುತ್ತದೆ.

ಇದರ ಪರಿಣಾಮವೇನೆಂದರೆ ರಾಷ್ಟ್ರಮಟ್ಟದ ಗಡುವಿಗಿಂತ ಎಷ್ಟೋ ಮೊದಲೇ ಕ್ಯಾಂಪಸ್ಸಿನ ಗಡುವು ಬಂದುಹೋಗುತ್ತದೆ. ಟ್ರೂಮನ್‌ನ ರಾಷ್ಟ್ರೀಯ ಗಡುವು ಫೆಬ್ರವರಿಯ ಮೊದಲ ಮಂಗಳವಾರ. ಅದನ್ನು ಅಂತರ್ಜಾಲದಲ್ಲಿ ನೋಡಿ ಜನವರಿಯಲ್ಲಿ ಸಲಹಾ ಕಚೇರಿಗೆ ಬರುವ ವಿದ್ಯಾರ್ಥಿಗೆ, ನಾಲ್ಕೂ ಹೆಸರುಗಳು ಹಿಂದಿನ ಸೆಮಿಸ್ಟರಿನಲ್ಲಿಯೇ ತೀರ್ಮಾನವಾಗಿವೆ ಎಂಬ ಉತ್ತರ ಸಿಗುವುದು ಸಾಮಾನ್ಯ. ರೋಡ್ಸ್ ಮತ್ತು ಮಾರ್ಷಲ್ ವಿಷಯದಲ್ಲಿ ಅನೇಕ ವಿಶ್ವವಿದ್ಯಾಲಯಗಳು ಬೇಸಿಗೆಯಲ್ಲಿಯೇ ಕರಡುಗಳನ್ನು ಕೇಳುತ್ತವೆ. ಯಾವ ಫೆಲೋಶಿಪ್ ಎಂದು ತೀರ್ಮಾನಿಸುವ ಮೊದಲೇ ಕ್ಯಾಂಪಸ್ಸಿನ ಕಚೇರಿಯ ಪುಟ ತೆರೆದು ಒಳಗಡುವುಗಳನ್ನು ಬರೆದಿಟ್ಟುಕೊಳ್ಳುವುದು ಕ್ಷೇಮ.

ಫುಲ್‌ಬ್ರೈಟ್ ಇಂಥವುಗಳಿಗೂ ನೇರವಾಗಿ ಅರ್ಜಿ ಹಾಕುವವುಗಳಿಗೂ ನಡುವೆ ನಿಲ್ಲುತ್ತದೆ. ಅಲ್ಲಿ ಕ್ಯಾಂಪಸ್ಸು ಅಭ್ಯರ್ಥಿಯನ್ನು ಸಂದರ್ಶಿಸಿ ಮೌಲ್ಯಮಾಪನವನ್ನು ಬರೆದು ಅರ್ಜಿಯೊಂದಿಗೆ ಸೇರಿಸುತ್ತದೆಯೇ ಹೊರತು, ತಡೆದು ನಿಲ್ಲಿಸುವ ಅಧಿಕಾರ ಅದಕ್ಕಿಲ್ಲ. ಕ್ಯಾಂಪಸ್ಸಿನ ಜೊತೆ ಸಂಬಂಧವಿಲ್ಲದವರು ಸ್ವತಂತ್ರವಾಗಿಯೂ ಅರ್ಜಿ ಹಾಕಬಹುದು. ಇನ್ನು ಗೇಟ್ಸ್ ಕೇಂಬ್ರಿಡ್ಜ್, ಶ್ವಾರ್ಜ್‌ಮನ್, ನೈಟ್-ಹೆನೆಸ್ಸಿ, ಸೊರೋಸ್, ಹರ್ಟ್ಸ್, ಜಿಆರ್‌ಎಫ್‌ಪಿ ಇವು ಪೂರ್ತಿಯಾಗಿ ನಿಮ್ಮ ಮತ್ತು ಆ ಸಂಸ್ಥೆಯ ನಡುವಿನ ವ್ಯವಹಾರ.

ನೇರವಾಗಿ ಹೋಗುವವುಗಳಿಗೆ ಸಲಹಾ ಕಚೇರಿಯೇ ಬೇಡ ಎಂದುಕೊಳ್ಳುವವರಿದ್ದಾರೆ. ಜಿಆರ್‌ಎಫ್‌ಪಿ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ: ಎರಡು ಪುಟದ ಸಂಶೋಧನಾ ಯೋಜನೆಯನ್ನು ಸರಿಯಾಗಿ ಓದಬಲ್ಲವರು ನಿಮ್ಮ ಪ್ರಯೋಗಾಲಯದ ಮಾರ್ಗದರ್ಶಕರೇ ಹೊರತು ಫೆಲೋಶಿಪ್ ಕಚೇರಿಯ ಸಾಮಾನ್ಯ ಸಲಹೆಗಾರರಲ್ಲ. ಆದರೆ ಅದೇ ಅರ್ಜಿಯಲ್ಲಿ ಸಂಶೋಧನೆಯ ಬೌದ್ಧಿಕ ಗುಣದ ಜೊತೆಗೆ ಸಮಾಜಕ್ಕೆ ಅದರಿಂದಾಗುವ ಪ್ರಯೋಜನವನ್ನೂ ಸಮನಾಗಿ ತೂಗಿನೋಡುತ್ತಾರೆ. ಈ ಎರಡನೆಯ ಭಾಗವನ್ನು ವಿಜ್ಞಾನದ ವಿದ್ಯಾರ್ಥಿಗಳು ಕೊನೆಯ ರಾತ್ರಿ ಎರಡು ವಾಕ್ಯಗಳಲ್ಲಿ ಮುಗಿಸುವುದನ್ನು ಕಚೇರಿಯವರು ವರ್ಷವರ್ಷವೂ ನೋಡುತ್ತಿರುತ್ತಾರೆ. ಮಾರ್ಗದರ್ಶಕರ ಕಣ್ಣಿಗೆ ಅದು ಬೀಳದಿರುವ ಸಾಧ್ಯತೆಯೇ ಹೆಚ್ಚು.

ಸಲಹೆಗಾರರು ಮಾಡಬಹುದಾದದ್ದು, ಮಾಡಬಾರದ್ದು

ಅಮೆರಿಕದ ಫೆಲೋಶಿಪ್ ಸಲಹೆಗಾರರಿಗೆ ನಾಫಾ ಎಂಬ ರಾಷ್ಟ್ರೀಯ ಸಂಘವಿದೆ, ಅದಕ್ಕೊಂದು ನೀತಿಸಂಹಿತೆಯೂ ಇದೆ. ಅರ್ಜಿಯ ಮಾತು ವಿದ್ಯಾರ್ಥಿಯದೇ ಆಗಿರಬೇಕು ಎಂಬ ತತ್ತ್ವವನ್ನು ಒಳ್ಳೆಯ ಕಚೇರಿಗಳು ಕಟ್ಟುನಿಟ್ಟಾಗಿ ಪಾಲಿಸುತ್ತವೆ. ಅವರು ಪ್ರಶ್ನೆ ಕೇಳುತ್ತಾರೆ, ಗೊಂದಲವಿರುವಲ್ಲಿ ಗೆರೆ ಎಳೆಯುತ್ತಾರೆ, ಅಣಕು ಸಂದರ್ಶನ ನಡೆಸುತ್ತಾರೆ, ವಾಕ್ಯವನ್ನು ಬರೆದುಕೊಡುವುದಿಲ್ಲ.

ರೋಡ್ಸ್ ಇದಕ್ಕಿಂತಲೂ ಮುಂದೆ ಹೋಗುತ್ತದೆ. ವೈಯಕ್ತಿಕ ಹೇಳಿಕೆಯನ್ನಾಗಲಿ ಅದರ ಯಾವುದೇ ಹಿಂದಿನ ಕರಡನ್ನಾಗಲಿ ತಾನಲ್ಲದೆ ಬೇರೆ ಯಾರೂ ತಿದ್ದಿಲ್ಲ, ಸುಧಾರಿಸಲು ಸಲಹೆಗಳನ್ನೂ ಯಾರೂ ಕೊಟ್ಟಿಲ್ಲ ಎಂದು ಅಮೆರಿಕದ ಅಭ್ಯರ್ಥಿ ದೃಢೀಕರಿಸಬೇಕಾಗುತ್ತದೆ. ಅಂದರೆ ಸಲಹೆಗಾರರೂ ಅಕ್ಕನೂ ಸ್ನೇಹಿತರೂ ಆ ಪುಟವನ್ನು ತಿದ್ದುವ ದೃಷ್ಟಿಯಿಂದ ನೋಡುವಂತಿಲ್ಲ. ರೋಡ್ಸ್ ಮತ್ತು ಮಾರ್ಷಲ್ ಎರಡಕ್ಕೂ ಅರ್ಜಿ ಹಾಕುವವರು ಇಲ್ಲಿ ತುಂಬ ಜಾಗರೂಕರಾಗಿರಬೇಕು. ಮಾರ್ಷಲ್‌ಗಾಗಿ ಸಲಹೆ ಪಡೆದು ತಿದ್ದಿದ ಪ್ಯಾರಾವನ್ನು ರೋಡ್ಸ್ ಹೇಳಿಕೆಗೆ ಅಂಟಿಸಿದರೆ ಕೊಟ್ಟ ದೃಢೀಕರಣ ಸುಳ್ಳಾಗುತ್ತದೆ. ಆದ್ದರಿಂದ ರೋಡ್ಸ್‌ನ ಹೇಳಿಕೆಯನ್ನು ಮೊದಲು, ಒಂಟಿಯಾಗಿ ಬರೆದು ಮುಗಿಸಿಟ್ಟು, ಬೇರೆ ಅರ್ಜಿಗಳ ಬಗ್ಗೆ ಆಮೇಲೆ ಮಾತನಾಡಲು ಹೋಗುವುದು ಸರಿಯಾದ ಕ್ರಮ. ಯಾವ ವಿಷಯ ಅಧ್ಯಯನ ಮಾಡಬೇಕು, ಯಾರಿಂದ ಪತ್ರ ಕೇಳಬೇಕು, ಸಂದರ್ಶನಕ್ಕೆ ಹೇಗೆ ತಯಾರಾಗಬೇಕು ಎಂಬಂಥ ವಿಷಯಗಳಲ್ಲಿ ಕಚೇರಿಯ ನೆರವು ಪಡೆಯಲು ಅಡ್ಡಿಯಿಲ್ಲ.

ಹಣ ತೆಗೆದುಕೊಂಡು ಪ್ರಬಂಧ ‘ಹೊಳಪು’ ಮಾಡಿಕೊಡುವ ಖಾಸಗಿ ಸಲಹೆಗಾರರು ಈಗ ಬೇಕಾದಷ್ಟಿದ್ದಾರೆ. ಕಾಲೇಜು ಪ್ರವೇಶದ ಕಾಲದಲ್ಲಿ ಅಂಥವರನ್ನು ನೆಚ್ಚಿಕೊಂಡಿದ್ದ ತಂದೆ ತಾಯಂದಿರು ಫೆಲೋಶಿಪ್‌ಗೂ ಅದೇ ದಾರಿ ಹಿಡಿಯುತ್ತಾರೆ. ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ರೋಡ್ಸ್‌ನಲ್ಲಿ ಅದು ನಿಯಮದ ನೇರ ಉಲ್ಲಂಘನೆ. ಉಳಿದವುಗಳಲ್ಲಿ ಕ್ಯಾಂಪಸ್ಸಿನ ಕಚೇರಿ ಉಚಿತವಾಗಿ, ಹೆಚ್ಚಾಗಿ ಅದಕ್ಕಿಂತ ಚೆನ್ನಾಗಿ ಮಾಡುವ ಕೆಲಸಕ್ಕೆ ದುಡ್ಡು ಸುರಿದಂತೆ. ಸಂದರ್ಶನದ ಕೋಣೆಯಲ್ಲಿ ಪ್ರಬಂಧದ ಧ್ವನಿಯೂ ಎದುರಿಗೆ ಕುಳಿತವರ ಧ್ವನಿಯೂ ಬೇರೆಯಾಗಿ ಕೇಳಿಸಿದರೆ ಸಮಿತಿಗೆ ಅದು ಕೂಡಲೇ ತಿಳಿಯುತ್ತದೆ.

ಪ್ರಾಧ್ಯಾಪಕರ ಸಲಹೆಗೂ ಕಚೇರಿಯ ಸಲಹೆಗೂ ವ್ಯತ್ಯಾಸವಿದೆ. ಪ್ರಾಧ್ಯಾಪಕರು ವಿಷಯವನ್ನು ಬಲ್ಲರು, ಆದರೆ ತಮ್ಮ ಕಾಲದ ಅನುಭವದಿಂದ ಮಾತನಾಡುತ್ತಾರೆ. ನಿಯಮಗಳು ಬದಲಾಗಿರುವುದು ಅವರಿಗೆ ತಿಳಿಯದಿರಬಹುದು. ಕಚೇರಿಯವರಿಗೆ ನಿಯಮ ಬಾಯಿಪಾಠ, ಆದರೆ ನಿಮ್ಮ ಪ್ರೋಟೀನಿನ ಪ್ರಯೋಗ ಹೊಸದೋ ಹಳೆಯದೋ ಎಂದು ಅವರು ಹೇಳಲಾರರು. ಹಿಂದೆ ಆ ಫೆಲೋಶಿಪ್ ಪಡೆದವರ ಸಲಹೆ ಸ್ಫೂರ್ತಿ ಕೊಡಬಹುದು. ಗೆದ್ದವರಿಗೆ ತಾವು ಏಕೆ ಗೆದ್ದೆವು ಎಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಸಲಹೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಫುಲ್‌ಬ್ರೈಟ್ ಸಂಶೋಧನಾ ಅನುದಾನಕ್ಕೆ ಭಾರತಕ್ಕೆ ಹೋಗಬಯಸುವ ಪರಿಸರ ವಿಜ್ಞಾನದ ವಿದ್ಯಾರ್ಥಿನಿಯೊಬ್ಬರ ಮೊದಲ ಕರಡು ಹೀಗಿದೆ ಎಂದುಕೊಳ್ಳಿ: ‘ಅಜ್ಜಿಯ ಊರಿನಲ್ಲಿ ಕಳೆದ ಬೇಸಿಗೆಗಳು ನೀರಿನ ಬೆಲೆಯನ್ನು ನನಗೆ ಕಲಿಸಿದವು, ಆದ್ದರಿಂದ ಕರ್ನಾಟಕದ ಕೆರೆಗಳನ್ನು ಅಧ್ಯಯನ ಮಾಡಲು ಬಯಸುತ್ತೇನೆ.’ ಸಲಹೆಗಾರರು ಅಂಚಿನಲ್ಲಿ ಬರೆಯುವುದು ಮೂರು ಪ್ರಶ್ನೆಗಳನ್ನು ಮಾತ್ರ: ಯಾವ ಕೆರೆ? ಯಾರ ಜೊತೆ? ಒಂಬತ್ತು ತಿಂಗಳಲ್ಲಿ ಏನನ್ನು ಅಳೆಯುತ್ತೀರಿ? ಮೂರು ವಾರಗಳ ನಂತರ ಬರುವ ಕರಡಿನಲ್ಲಿ ಒಂದೇ ತಾಲ್ಲೂಕಿನ, ಒಂದರಿಂದ ಇನ್ನೊಂದಕ್ಕೆ ನೀರು ಹರಿಯುವ ಕೆರೆಗಳ ಸಾಲೊಂದಿದೆ. ಹೂಳು ತೆಗೆದ ಕೆರೆಯ ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ಹೂಳು ತೆಗೆಯದ ಕೆರೆಯ ಬಾವಿಗಳೊಂದಿಗೆ ತಿಂಗಳಿಗೊಮ್ಮೆ ಹೋಲಿಸುವ ಯೋಜನೆಯಿದೆ. ಆತಿಥೇಯ ಸಂಸ್ಥೆಯ ಒಪ್ಪಿಗೆ ಪತ್ರ ಕೈಸೇರಿದೆ. ರೈತರೊಂದಿಗೆ ಮಾತನಾಡುವಷ್ಟು ಕನ್ನಡ ಬರುತ್ತದೆ ಎಂಬುದಕ್ಕೆ ಭಾಷಾ ಮೌಲ್ಯಮಾಪನವೂ ಇದೆ. ಅಜ್ಜಿ ಎರಡನೆಯ ಪ್ರಬಂಧಕ್ಕೆ, ವೈಯಕ್ತಿಕ ಹೇಳಿಕೆಗೆ ಹೋಗಿದ್ದಾರೆ, ಅಲ್ಲಿಯೂ ಒಂದು ಸಾಲಿನಲ್ಲಿ ಮಾತ್ರ. ಹುಟ್ಟಿನ ನಂಟು ಯೋಜನೆಗೆ ಬಲ ಕೊಡಬಲ್ಲದು, ಯೋಜನೆಯ ಜಾಗವನ್ನು ತುಂಬಲಾರದು. ಇದನ್ನು ಹೇಳುವ ಧೈರ್ಯ ಮನೆಯವರಿಗೆ ಇರುವುದಿಲ್ಲ.

ಜೋಡಿಗಳನ್ನು ಎದುರುಬದುರು ಇಟ್ಟು

ರೋಡ್ಸ್ ಮತ್ತು ಮಾರ್ಷಲ್ ಎರಡೂ ಬ್ರಿಟನ್ನಿಗೆ ಕರೆದೊಯ್ಯುತ್ತವೆ ಎಂಬುದನ್ನು ಬಿಟ್ಟರೆ ಅವುಗಳ ಸ್ವಭಾವ ಬೇರೆ. ಸೆಸಿಲ್ ರೋಡ್ಸ್‌ನ ಉಯಿಲಿನಿಂದ 1902ರಲ್ಲಿ ಹುಟ್ಟಿದ ಮೊದಲನೆಯದು ಆಕ್ಸ್‌ಫರ್ಡಿಗೆ ಮಾತ್ರ ಸೀಮಿತ. ಅಮೆರಿಕವನ್ನು 16 ಜಿಲ್ಲೆಗಳಾಗಿ ಹಂಚಿ ಜಿಲ್ಲೆಗೆ ಇಬ್ಬರಂತೆ ವರ್ಷಕ್ಕೆ 32 ಜನರನ್ನು ಆರಿಸುತ್ತಾರೆ. ಆಯ್ಕೆಯಾದ ಮೇಲೆ ಆಕ್ಸ್‌ಫರ್ಡಿನ ಪ್ರವೇಶಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕು. ಎರಡನೆಯದು, ಎರಡನೆಯ ಮಹಾಯುದ್ಧದ ನಂತರ ಅಮೆರಿಕ ಯೂರೋಪಿಗೆ ಕೊಟ್ಟ ಮಾರ್ಷಲ್ ಯೋಜನೆಯ ನೆರವಿಗೆ ಕೃತಜ್ಞತೆಯಾಗಿ ಬ್ರಿಟಿಷ್ ಸಂಸತ್ತು 1953ರಲ್ಲಿ ಕಾಯಿದೆಯ ಮೂಲಕ ಸ್ಥಾಪಿಸಿದ್ದು. ಬ್ರಿಟನ್ನಿನ ಯಾವ ವಿಶ್ವವಿದ್ಯಾಲಯವಾದರೂ ಸರಿ, ಎರಡು ವರ್ಷಗಳಲ್ಲಿ ಎರಡು ಬೇರೆ ಊರುಗಳಲ್ಲಿ ಎರಡು ಸ್ನಾತಕೋತ್ತರ ಪದವಿಗಳನ್ನು ಮಾಡುವವರೂ ಇದ್ದಾರೆ. ಎರಡಕ್ಕೂ ಜಿಪಿಎ (4ಕ್ಕೆ ಲೆಕ್ಕ ಹಾಕುವ ಅಂಕಗಳ ಸರಾಸರಿ) 3.7ರ ಆಸುಪಾಸಿನ ಕನಿಷ್ಠ ಮಿತಿಯಿದೆ. ರೋಡ್ಸ್‌ಗೆ ವಯಸ್ಸಿನ ಮಿತಿ ಕಟ್ಟುನಿಟ್ಟು, ಸಾಮಾನ್ಯವಾಗಿ 24ರೊಳಗೆ. ಮಾರ್ಷಲ್‌ಗೆ ಪದವಿ ಮುಗಿಸಿ ಎಷ್ಟು ವರ್ಷವಾಯಿತು ಎಂಬುದು ಮುಖ್ಯ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ವಿಷಯದಲ್ಲಿ ಬ್ರಿಟನ್ನಿನ ಅತ್ಯುತ್ತಮ ವಿಭಾಗ ಆಕ್ಸ್‌ಫರ್ಡಿನ ಹೊರಗಿದ್ದರೆ ಮಾರ್ಷಲ್ ಕಡೆಗೆ ವಾಲಿ. ಏಕೆ ಈ ವಿಭಾಗ, ಏಕೆ ಈ ಮೇಲ್ವಿಚಾರಕರು ಎಂಬ ಪ್ರಶ್ನೆಗೆ ನಿಖರವಾದ ಉತ್ತರವಿರುವವರು ಅಲ್ಲಿ ಎದ್ದು ಕಾಣುತ್ತಾರೆ. ಓದಿನಾಚೆಗೂ ಇತರರಿಗಾಗಿ ಮಾಡಿದ ಕೆಲಸದ ದಾಖಲೆ ಗಟ್ಟಿಯಾಗಿದ್ದು, ಅದನ್ನು ಹತ್ತಿರದಿಂದ ಕಂಡ ಹಲವರು ಪತ್ರ ಬರೆಯಬಲ್ಲರು ಎಂದಾದರೆ ರೋಡ್ಸ್ ಸೂಕ್ತ. ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿಯೇ ಗುರಿಯಾಗಿದ್ದರೆ ಇವೆರಡನ್ನೂ ಸುತ್ತಿ ಬರುವ ಬದಲು ನೇರವಾಗಿ ಗೇಟ್ಸ್ ಕೇಂಬ್ರಿಡ್ಜ್ ನೋಡುವುದು ಬುದ್ಧಿವಂತಿಕೆ. ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ 21 ಕೋಟಿ ಡಾಲರ್ ದೇಣಿಗೆಯಿಂದ 2000ದಲ್ಲಿ ಸ್ಥಾಪನೆಯಾದ ಇದರಲ್ಲಿ ಮೊದಲು ವಿಭಾಗದವರು ನಿಮ್ಮನ್ನು ಮೆಚ್ಚಬೇಕು, ಫೆಲೋಶಿಪ್‌ನ ಸಂದರ್ಶನ ಆಮೇಲಿನದು.

ಫುಲ್‌ಬ್ರೈಟ್ 1946ರಿಂದ ಇದೆ, ದೇಶಗಳ ಸಂಖ್ಯೆಯೂ ದೊಡ್ಡದು. ಆದರೆ ಒಂದು ವರ್ಷಕ್ಕೆ ಒಂದೇ ದೇಶಕ್ಕೆ ಅರ್ಜಿ ಹಾಕಬಹುದು. ಆದ್ದರಿಂದ ಇಲ್ಲಿನ ಆಯ್ಕೆಯ ಬಹುಪಾಲು ದೇಶದ ಆಯ್ಕೆಯೇ. ಯಾವ ದೇಶಕ್ಕೆ ಎಷ್ಟು ಅರ್ಜಿ ಬಂದವು, ಎಷ್ಟು ಅನುದಾನ ಕೊಟ್ಟರು ಎಂಬ ಅಂಕಿಅಂಶವನ್ನು ಫುಲ್‌ಬ್ರೈಟ್ ತಾನೇ ಪ್ರಕಟಿಸುತ್ತದೆ; ಬ್ರಿಟನ್ನಿನ ಸ್ಪರ್ಧೆ ಎಷ್ಟು ಕಠಿಣ ಎಂಬುದು ಅಲ್ಲಿ ಒಂದು ನೋಟಕ್ಕೆ ತಿಳಿಯುತ್ತದೆ. ಸಂಶೋಧನೆ ಅಥವಾ ಅಧ್ಯಯನದ ಅನುದಾನಕ್ಕೆ ಎರಡು ಪುಟದ ಯೋಜನೆ ಬೇಕು. ಇಂಗ್ಲಿಷ್ ಬೋಧನಾ ಸಹಾಯಕರ ಅನುದಾನಕ್ಕೆ ಒಂದು ಪುಟ ಸಾಕು. ಎರಡನೆಯದು ಸುಲಭವೆಂಬ ಭ್ರಮೆ ಹರಡಿದೆ. ಎಂದೂ ಯಾರಿಗೂ ಪಾಠ ಹೇಳಿಕೊಡದ ವಿದ್ಯಾರ್ಥಿ ಒಂದು ವರ್ಷ ವಿದೇಶದಲ್ಲಿ ಕಳೆಯುವ ಆಸೆಯಿಂದ ಬರೆದ ಒಂದು ಪುಟ ಅಷ್ಟೇ ಬೇಗ ಗುರುತು ಸಿಗುತ್ತದೆ.

ಗೋಲ್ಡ್‌ವಾಟರ್ ಮತ್ತು ಜಿಆರ್‌ಎಫ್‌ಪಿ ಪ್ರತಿಸ್ಪರ್ಧಿಗಳಲ್ಲ, ಒಂದರ ನಂತರ ಒಂದು. ಮೊದಲನೆಯದು ಎರಡನೆಯ ಮತ್ತು ಮೂರನೆಯ ವರ್ಷದ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ವರ್ಷಕ್ಕೆ ಗರಿಷ್ಠ 7,500 ಡಾಲರ್; ಹಣಕ್ಕಿಂತಲೂ ಅದರ ಸಂಶೋಧನಾ ಪ್ರಬಂಧವನ್ನು ಬರೆಯುವ ಶಿಸ್ತು ಮುಂದೆ ಉಪಯೋಗಕ್ಕೆ ಬರುತ್ತದೆ. ಎರಡನೆಯದು ಸ್ನಾತಕೋತ್ತರ ಸಂಶೋಧನೆಗೆ, ಐದು ವರ್ಷಗಳ ಅವಧಿಯಲ್ಲಿ ಮೂರು ವರ್ಷ ವಾರ್ಷಿಕ 37,000 ಡಾಲರ್ ವೇತನ. ಗ್ರ್ಯಾಜುಯೇಟ್ ಶಾಲೆಗೆ ಸೇರಿದ ಮೇಲೆ ಅರ್ಜಿ ಹಾಕಲು ಒಂದೇ ಅವಕಾಶವಿರುವುದರಿಂದ, ಪದವಿಯ ಕೊನೆಯ ವರ್ಷದಲ್ಲಿ ಒಮ್ಮೆ ಪ್ರಯತ್ನಿಸುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಸರ್ಕಾರದ ಹಣದ ಮೇಲೆ ನಿಂತಿರುವ ಫೆಲೋಶಿಪ್‌ಗಳನ್ನು ಹೋಲಿಸುವಾಗ ಅವುಗಳ ಸ್ಥಿರತೆಯನ್ನೂ ತೂಗಬೇಕಾದ ಕಾಲ ಇದು. 2025ರಲ್ಲಿ ಜಿಆರ್‌ಎಫ್‌ಪಿ ಮೊದಲು ಪ್ರಕಟಿಸಿದ್ದು 1,000 ಹೆಸರುಗಳನ್ನು, ಕೆಲವು ವಾರಗಳ ನಂತರ ಮತ್ತೆ 500. ಅದಕ್ಕೂ ಹಿಂದಿನ ವರ್ಷಗಳಲ್ಲಿ ಈ ಸಂಖ್ಯೆ 2,000ದ ಆಸುಪಾಸಿನಲ್ಲಿತ್ತು. ಖಾಸಗಿ ನೆಲೆಯವೂ ಶಾಶ್ವತವಲ್ಲ: ಐರ್ಲೆಂಡಿಗೆ ಕಳುಹಿಸುತ್ತಿದ್ದ ಮಿಚೆಲ್ 2024ರಲ್ಲಿ ಹೊಸ ಆಯ್ಕೆಯನ್ನು ತಡೆಹಿಡಿಯಿತು. ಈ ವರ್ಷದ ಪ್ರಕಟಣೆಯನ್ನು ಓದದೆ ಹಳೆಯ ಮಾಹಿತಿಯ ಮೇಲೆ ಯೋಜನೆ ಕಟ್ಟಬಾರದು.

ಕೊಡುವುದರ ಜೊತೆಗೆ ಕೇಳುವುದನ್ನೂ ಹೋಲಿಸಬೇಕು. ಟ್ರೂಮನ್ ಮೂರನೆಯ ವರ್ಷದ ವಿದ್ಯಾರ್ಥಿಗಳಿಗೆ ಉನ್ನತ ವ್ಯಾಸಂಗಕ್ಕಾಗಿ 30,000 ಡಾಲರ್‌ವರೆಗೆ ಕೊಡುತ್ತದೆ, ಪ್ರತಿಯಾಗಿ ಆ ವ್ಯಾಸಂಗ ಮುಗಿದ ನಂತರದ ಏಳು ವರ್ಷಗಳಲ್ಲಿ ಮೂರು ವರ್ಷ ಸಾರ್ವಜನಿಕ ಸೇವೆಯಲ್ಲಿ ಕಳೆಯಬೇಕು. ಬೋರೆನ್ ಕನಿಷ್ಠ ಒಂದು ವರ್ಷ ಅಮೆರಿಕದ ಕೇಂದ್ರ ಸರ್ಕಾರದ ಕೆಲಸವನ್ನು ನಿರೀಕ್ಷಿಸುತ್ತದೆ. ಈಗಾಗಲೇ ಸರ್ಕಾರಿ ಅಥವಾ ಸೇವಾ ಕ್ಷೇತ್ರಕ್ಕೆ ಹೋಗಲು ನಿರ್ಧರಿಸಿದವರಿಗೆ ಇದು ಹೊರೆಯಲ್ಲ. ಮನಸ್ಸಿನಲ್ಲಿ ದೊಡ್ಡ ಕಂಪನಿಯ ಕೆಲಸವನ್ನಿಟ್ಟುಕೊಂಡು ಟ್ರೂಮನ್ ಅರ್ಜಿಯಲ್ಲಿ ಸಾರ್ವಜನಿಕ ಸೇವೆಯ ಬಗ್ಗೆ ಬರೆಯುವವರಿಗೆ ಅದರ ನೀತಿ ಪ್ರಸ್ತಾವವೇ ದೊಡ್ಡ ತೊಡಕಾಗುತ್ತದೆ: ಯಾವ ಅಧಿಕಾರಿಗೆ, ಯಾವ ಸಮಸ್ಯೆಗೆ, ಯಾವ ಪರಿಹಾರ ಎಂಬುದನ್ನು ಆಧಾರಸಮೇತ ಹೇಳಬೇಕಾಗಿರುವುದರಿಂದ ಹಾರಿಕೆಯ ಮಾತಿಗೆ ಅಲ್ಲಿ ಎಡೆಯಿಲ್ಲ.

ಪತ್ರಗಳು, ಸಂದರ್ಶನ

ಎಷ್ಟು ಅರ್ಜಿ ಹಾಕಬೇಕು ಎಂಬುದನ್ನು ಕೊನೆಗೂ ನಿರ್ಧರಿಸುವುದು ಶಿಫಾರಸು ಪತ್ರಗಳು. ಒಬ್ಬ ಪ್ರಾಧ್ಯಾಪಕರಿಂದ ಒಂದೇ ಋತುವಿನಲ್ಲಿ ಐದು ಫೆಲೋಶಿಪ್‌ಗಳಿಗೆ ಪತ್ರ ಕೇಳಿದರೆ ಸಿಗುವುದು ಒಂದೇ ಪತ್ರದ ಐದು ಪ್ರತಿಗಳು. ಟ್ರೂಮನ್‌ಗೆ ನಾಯಕತ್ವದ ಬಗ್ಗೆ ಬೇಕಾದದ್ದು, ಗೇಟ್ಸ್‌ಗೆ ಸಂಶೋಧನಾ ಸಾಮರ್ಥ್ಯದ ಬಗ್ಗೆ ಬೇಕಾದದ್ದು, ಎರಡನ್ನೂ ಅದು ಪೂರೈಸುವುದಿಲ್ಲ. ಹೆಚ್ಚೆಂದರೆ ಎರಡು ಅಥವಾ ಮೂರು ಅರ್ಜಿಗಳಿಗೆ ನಿಲ್ಲಿಸಿ, ಪತ್ರ ಬರೆಯುವವರಿಗೆ ಆರು ವಾರ ಮುಂಚಿತವಾಗಿ ಕರಡು ಯೋಜನೆಯನ್ನೂ ಆ ಫೆಲೋಶಿಪ್‌ನ ಮಾನದಂಡಗಳನ್ನೂ ಕೊಡುವುದು ಸೌಜನ್ಯವೂ ಹೌದು, ಲಾಭದಾಯಕವೂ ಹೌದು. ಪತ್ರ ಓದುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆಗೆ ಹೆಚ್ಚಿನ ಸಲಹೆಗಾರರು ‘ಹೌದು’ ಎಂದೇ ಸೂಚಿಸುತ್ತಾರೆ, ಏಕೆಂದರೆ ಗೋಪ್ಯವಾದ ಪತ್ರಕ್ಕೆ ಸಮಿತಿಯ ಮುಂದೆ ತೂಕ ಹೆಚ್ಚು.

ಕ್ಯಾಂಪಸ್ಸಿನ ಸಂದರ್ಶನವನ್ನು ಔಪಚಾರಿಕತೆ ಎಂದು ಕಡೆಗಣಿಸುವವರಿಗೆ ಅಲ್ಲಿ ನಡೆಯುವುದನ್ನು ಸ್ವಲ್ಪ ಹೇಳಬೇಕು. ಉದ್ದನೆಯ ಮೇಜಿನ ಸುತ್ತ ಬೇರೆ ಬೇರೆ ವಿಭಾಗಗಳ ಆರೇಳು ಅಧ್ಯಾಪಕರು ಕುಳಿತಿರುತ್ತಾರೆ. ಅವರಲ್ಲಿ ನಿಮ್ಮ ವಿಷಯದವರು ಒಬ್ಬರಿದ್ದರೆ ಹೆಚ್ಚು. ಇಪ್ಪತ್ತು ನಿಮಿಷ ಸಿಗುತ್ತದೆ. ಮೊದಲ ಪ್ರಶ್ನೆ ನಿಮ್ಮ ಯೋಜನೆಯ ಬಗ್ಗೆ ಇರುತ್ತದೆ, ಎರಡನೆಯದು ಅದರ ಅತ್ಯಂತ ದುರ್ಬಲ ಜಾಗಕ್ಕೆ ಬೆರಳಿಡುತ್ತದೆ. ಮೂರನೆಯದು ಎಲ್ಲಿಂದ ಬರುತ್ತದೋ ಹೇಳಲಾಗದು. ತತ್ತ್ವಶಾಸ್ತ್ರದವರು ನಿಮ್ಮ ಅಲ್ಗಾರಿದಮ್ ತಪ್ಪು ಮಾಡಿದಾಗ ಹೊಣೆ ಯಾರದು ಎಂದು ಕೇಳಬಹುದು. ‘ಇದನ್ನು ನಾನು ಯೋಚಿಸಿರಲಿಲ್ಲ, ಈಗ ಯೋಚಿಸಿದರೆ ನನಗೆ ಹೀಗೆ ತೋರುತ್ತದೆ’ ಎಂದು ಶುರುಮಾಡಿದ ಉತ್ತರ, ಬಾಯಿಪಾಠ ಮಾಡಿದ್ದನ್ನು ತಿರುಚಿ ಹೇಳಿದ ಉತ್ತರಕ್ಕಿಂತ ಎಷ್ಟೋ ಮೇಲು. ಸಮಿತಿಯು ‘ಈ ವರ್ಷ ಬೇಡ’ ಎಂದರೆ ಕಾರಣ ಕೇಳಿ ಬರೆದಿಟ್ಟುಕೊಳ್ಳಿ. ಒಳ್ಳೆಯ ಕಚೇರಿಗಳು ಕಾರಣ ಹೇಳುತ್ತವೆ, ಅದೇ ವಸ್ತು ನೇರ ಅರ್ಜಿಯ ಬೇರೊಂದು ಫೆಲೋಶಿಪ್‌ಗೆ ಹೊಂದುತ್ತದೆ ಎಂದೂ ಎಷ್ಟೋ ಸಲ ಸೂಚಿಸುತ್ತವೆ.

ಈಗಾಗಲೇ ಪದವಿ ಮುಗಿಸಿ ಕೆಲಸಕ್ಕೆ ಸೇರಿದವರು ಈ ಅವಕಾಶಗಳು ತಮಗಿಲ್ಲವೆಂದು ಬಿಟ್ಟುಬಿಡುತ್ತಾರೆ. ವಯಸ್ಸು ಮತ್ತು ಪದವಿಯ ವರ್ಷದ ಮಿತಿಯೊಳಗಿದ್ದರೆ ಮಾರ್ಷಲ್, ರೋಡ್ಸ್, ಫುಲ್‌ಬ್ರೈಟ್ ಮೂರಕ್ಕೂ ಅವರು ಅರ್ಹರು. ಶ್ವಾರ್ಜ್‌ಮನ್‌ನ ಮಿತಿ 28, ಸೊರೋಸ್‌ನದು 30. ಮಾರ್ಷಲ್ ಮತ್ತು ರೋಡ್ಸ್‌ಗೆ ಅನುಮೋದನೆ ಕೊಡುವುದು ನೀವು ಪದವಿ ಪಡೆದ ವಿಶ್ವವಿದ್ಯಾಲಯವಾದ್ದರಿಂದ, ಈಗಿನ ಊರಿನ ಕಾಲೇಜನ್ನು ಹುಡುಕುವ ಬದಲು ಹಳೆಯ ಕ್ಯಾಂಪಸ್ಸಿನ ಫೆಲೋಶಿಪ್ ಕಚೇರಿಗೆ ವಸಂತ ಸೆಮಿಸ್ಟರ್ ಮುಗಿಯುವುದರೊಳಗೆ ಇಮೇಲ್ ಬರೆಯಬೇಕು, ಜೊತೆಗೆ ಪದವಿಯ ವರ್ಷ, ಪೌರತ್ವ, ಮನಸ್ಸಿನಲ್ಲಿರುವ ಎರಡು ಫೆಲೋಶಿಪ್‌ಗಳ ಹೆಸರು ಇಷ್ಟನ್ನು ಮೊದಲ ಪ್ಯಾರಾದಲ್ಲಿಯೇ ತಿಳಿಸಬೇಕು.